ಒಡೆಯನ ಹೆಸರಿನ ಮೊದಲ ಮುಷ್ಟಿ

ಸ್ವಂತದ್ದೆಂದು ಹೇಳಿಕೊಳ್ಳಲು ನನಗಿದ್ದದ್ದು ಒಂದು ಕೊಡೆ. ಮಳೆಯಿಂದ ಅದು ನನ್ನನ್ನು ಕಾಪಾಡಿದ್ದಕ್ಕಿಂತ ಕಳ್ಳರಿಂದ ಅದನ್ನು ನಾನು ಕಾಪಾಡಿದ್ದೇ ಹೆಚ್ಚು. ಮೂವತ್ತರ ದಶಕದಲ್ಲಿ ನಾನು ಹಾನಗಲ್ಲಿನಿಂದ ಹುಬ್ಬಳ್ಳಿಯ ವಾರಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದೆ. ಶಿಗ್ಗಾಂವಿಗೋ ಸವಣೂರಿಗೋ ಮೋಟಾರಿನಲ್ಲಿ ಹೋಗುವಾಗ ಉಳಿದವರೆಲ್ಲ ತೂಕಡಿಸುತ್ತಿದ್ದರು. ನಾನು ಕೊಡೆಯನ್ನು ಮೊಣಕಾಲುಗಳ ನಡುವೆ ಹಿಡಿದು ಎಚ್ಚರವಾಗಿರುತ್ತಿದ್ದೆ. ಒಡೆತನವೆಂದರೆ ನಿದ್ದೆಗೇಡು ಎಂಬ ಸಂಶಯ ಹುಟ್ಟಿದ್ದು ಆ ಮೋಟಾರಿನಲ್ಲಿ. ಅದು ಖಚಿತವಾದದ್ದು ನೆರೆಮನೆಯ ರಾಹೇಲವ್ವನಿಂದ.

ಪತ್ರಿಕೆಯವನು ಎಲ್ಲಿ ಹೋದರೂ ಮೊದಲು ಕೇಳುವುದು 'ಇದು ಯಾರದು?' ಎಂದು. ದನ ಹೊಲಕ್ಕೆ ನುಗ್ಗಿದರೆ, ಯಾರ ದನ, ಯಾರ ಹೊಲ ಎಂದು ತಿಳಿಯದೆ ಒಂದು ಸಾಲೂ ಬರೆಯುವಂತಿಲ್ಲ. ಎಲ್ಲವೂ ದೇವರದು ಎಂಬ ಉತ್ತರ ಅಚ್ಚಿಗೆ ಹೋಗುವುದಿಲ್ಲ. ನಮ್ಮ ತಂದೆಯವರೂ ಎಲ್ಲ ಶಿವನದೇ ಎನ್ನುತ್ತಿದ್ದರು. ಬದುವಿನ ತಕರಾರು ಬಂದಾಗ ಮಾತ್ರ ಶಿವನದು ಎಲ್ಲಿ ಮುಗಿಯುತ್ತದೆ, ತಮ್ಮದು ಎಲ್ಲಿ ಶುರುವಾಗುತ್ತದೆ ಎಂಬುದು ಅವರಿಗೆ ಗೇಣಿನ ಲೆಕ್ಕದಲ್ಲಿ ಗೊತ್ತಿರುತ್ತಿತ್ತು.

ರಾಹೇಲವ್ವನ ಗಂಡ ಸಮುವೇಲಪ್ಪ ಮಾಸ್ತರರು ಒಂದು ಚಳಿಗಾಲದಲ್ಲಿ ಜ್ವರದಿಂದ ತೀರಿಕೊಂಡರು. ಮಕ್ಕಳಿರಲಿಲ್ಲ. ಉಳಿದದ್ದು ಹೆಂಚಿನ ಮನೆ, ಊರಾಚೆ ಒಂದು ತುಂಡು ಭತ್ತದ ಹೊಲ, ಮತ್ತು ಹಿರೇಕೆರೂರಿನಲ್ಲಿ ಒಬ್ಬ ಮೈದುನ. ಮೈದುನ ದಾನಿಯೇಲಪ್ಪನವರು ತಮ್ಮ ಕ್ರೈಸ್ತ ಸಭೆಯ ಹಿರಿಯರು. ಉದ್ದನೆಯ ಪ್ರಾರ್ಥನೆಗೆ ಹೆಸರಾದವರು.

ಮಳೆಗಾಲಕ್ಕೆ ಮೊದಲು ಅವರು ಮಾತಿಗೆ ಬಂದರು. ಓದಿದವನೊಬ್ಬ ಇರಲಿ ಎಂದು ರಾಹೇಲವ್ವ ನನ್ನನ್ನೂ ಕರೆದರು. ಅಲ್ಲಿ ಉಣ್ಣಲು ನಮ್ಮ ಮನೆಯ ಕಟ್ಟಳೆ ಬಿಡುತ್ತಿರಲಿಲ್ಲ. ಪ್ರಾರ್ಥನೆ ಕೇಳಲು ಅಂಥ ತಡೆ ಇರಲಿಲ್ಲ, ಪೂರ್ತಿ ಕೇಳಿದೆ. ತಾಟಿನಲ್ಲಿ ರೊಟ್ಟಿ ಆರುತ್ತಿದ್ದವು. "ಕರ್ತನೇ, ಈ ಮನೆ ನಿನ್ನದು, ಈ ಹೊಲ ನಿನ್ನದು, ಇಲ್ಲಿ ನಮ್ಮದೆಂಬುದು ಏನೂ ಇಲ್ಲ" ಎಂದು ದಾನಿಯೇಲಪ್ಪನವರು ಕಣ್ಣು ಮುಚ್ಚಿ ಹೇಳಿದರು. ಆಮೆನ್ ಆಯಿತು, ಊಟವಾಯಿತು. ಕೈ ತೊಳೆದುಕೊಂಡು ವಿಷಯಕ್ಕೆ ಬಂದರು.

"ವೈನಿ, ಯಜಮಾನ ಇಲ್ಲದ ಮನಿ ಎಷ್ಟು ದಿನಾ ನಡೀತೈತ್ರಿ? ಹೊಲಾ ನನಗ ಬಿಡ್ರಿ. ನಮ್ಮ ಮನ್ಯಾಗ ಒಂದು ಮೂಲ್ಯಾಗ ಇರ್ರಿ. ಹೊಟ್ಟಿಗೆ ಕಡಿಮಿ ಮಾಡಂಗಿಲ್ಲ."

ರಾಹೇಲವ್ವ ತಾಟು ಎತ್ತುತ್ತ ಹೇಳಿದರು: "ತಮ್ಮಾ, ಈಗರ ಎಲ್ಲಾ ಕರ್ತಂದು ಅಂದೆಲ್ಲೋ. ಅವನ ಹೊಲಾ ನಾ ಹೆಂಗ ನಿನಗ ಬಿಡ್ಲಿ?"

"ಪ್ರಾರ್ಥನಾದಾಗಿನ ಮಾತು ಬ್ಯಾರೆ, ಹೊಲದ ಮಾತು ಬ್ಯಾರೆ."

"ಯಾವದು ಖರೆ ಹಿಡೀಲಿ? ಕಣ್ಣ ಮುಚ್ಚಿ ಆಡಿದ್ದೋ, ತೆರದು ಆಡಿದ್ದೋ?"

ದಾನಿಯೇಲಪ್ಪನವರು ನನ್ನ ಕಡೆ ನೋಡಿದರು. ನಾನು ಕೊಡೆಯನ್ನು ನೋಡಿಕೊಂಡೆ. ಕೊನೆಗೆ ಅವರೇ ಕರಾರು ಹಾಕಿದರು: ಈ ಸಲದ ಬಿತ್ತಿಗೆಯಲ್ಲಿ ಹೊಲ ಬೀಳುಬಿದ್ದರೆ ವೈನಿ ಗಂಟು ಕಟ್ಟಿಕೊಂಡು ಹಿರೇಕೆರೂರಿಗೆ ಬರಬೇಕು. ರಾಹೇಲವ್ವ ಹೂಂ ಎಂದರು.

ಕರಾರಿನ ಹಿಂದೆ ಲೆಕ್ಕಾಚಾರವಿತ್ತು. ನಮ್ಮ ಕಡೆ ಭತ್ತವನ್ನು ಹದವಾದ ಒಣನೆಲಕ್ಕೆ ಕೂರಿಗೆಯಿಂದ ಬಿತ್ತುತ್ತಾರೆ. ಗಂಡಸು ಕೂರಿಗೆ ಹೊಡೆದರೆ ಹೆಂಗಸು ಅದರ ಬಟ್ಟಲಿಗೆ ಬೀಜ ಬಿಡುತ್ತಾಳೆ. ಮೊದಲ ಮುಷ್ಟಿ ಮಾತ್ರ ಹೊಲದ ಒಡೆಯರ ಮನೆಯ ಮುತ್ತೈದೆಯದು. ಹೊಲ ಕ್ರೈಸ್ತರದಾದರೂ ಕೂರಿಗೆ, ಎತ್ತು, ಅವನ್ನು ಹೊಡೆಯುವ ಫಕೀರಪ್ಪ ಎಲ್ಲ ಊರಿನವೇ. ಅವಕ್ಕೆ ಊರಿನ ಪದ್ಧತಿ.

ಬಿತ್ತುವ ದಿನ ಮಳೆ-ಬೆಳೆಯ ವರದಿಯ ನೆಪದಲ್ಲಿ ನಾನು ಬದುವಿನ ಮೇಲಿದ್ದೆ. ಫಕೀರಪ್ಪ ಎತ್ತು ಹೂಡಿದವನು ನಿಂತೇಬಿಟ್ಟ.

"ಅವ್ವಾರ, ತಪ್ಪ ತಿಳೀಬ್ಯಾಡ್ರಿ. ಮೊದಲ ಮುಷ್ಟಿಗೆ ಮುತ್ತೈದೀನ್ನ ಕರೀರಿ. ಒಡೆಯರ ಮನ್ಯಾಗಿನವರ ಆಗಬೇಕು ಮತ್ತ."

ಒಡೆಯರ ಮನೆಯಲ್ಲಿದ್ದವರು ರಾಹೇಲವ್ವ ಒಬ್ಬರೇ. ಮೈದುನನ ಹೆಂಡತಿಯನ್ನು ಕರೆಸಬಹುದಿತ್ತು. ಆಕೆಯ ಹಿಂದೆಯೇ ಹೊಲವೂ ಹೋಗುತ್ತಿತ್ತು. ಅಷ್ಟರಲ್ಲಿ ಹದವೂ ಆರುತ್ತಿತ್ತು. ರಾಹೇಲವ್ವ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. ಆಮೇಲೆ ಬದುವಿನಾಚೆಗೆ ಕೈ ತೋರಿಸಿದರು.

"ಫಕೀರಪ್ಪಾ, ನಿನ್ನಿ ಆ ಸವಣೂರ ಸಾಹೇಬ್ರ ಹೊಲಾ ಬಿತ್ತಿದೆಲ್ಲ, ಮೊದಲ ಮುಷ್ಟಿ ಯಾರು ಹಾಕಿದ್ರು? ಬೀಬಿ ಸಾಹೇಬ್ರು ಗಾಡಿ ಹೂಡಿಸಿಕೊಂಡು ಬಂದಿದ್ರೇನು?"

"ಛೇ, ಅವರು ಯಾಕ ಬರ್ತಾರ್ರಿ? ಧಣೇರು ಊರಾಗಿಲ್ಲಂದ್ರ ಆಳಾದವರು ಧಣೇರ ಹೆಸರಲೆ ಹಾಕೂದು. ನಮ್ಮ ದುರಗವ್ವ ಹಾಕಿದ್ಲು."

ದುರಗವ್ವನ ಗಂಡ ಸತ್ತು ಬಹಳ ವರ್ಷವಾಗಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಆಳಿನ ಹಣೆ ನೋಡುವ ಪದ್ಧತಿ ಇರಲಿಲ್ಲ.

"ಹಂಗಾರ ನಾನೂ ಆಳ. ಈ ಹೊಲದ ಧಣಿ ಕಣ್ಣಿಗೆ ಕಾಣೂದಿಲ್ಲ, ಅಷ್ಟ. ಹೊಲಾ ಅವಂದು. ನಮ್ಮ ಮೈದುನಾನೂ ಕಬೂಲ ಮಾಡ್ಯಾನ."

"ಖರೇನ್ರಿ?" ಎಂದು ಫಕೀರಪ್ಪ ನನ್ನನ್ನು ಕೇಳಿದ. ಕಬೂಲಿ ನನ್ನೆದುರಿಗೇ ಆಗಿದೆ ಎಂದೆ. ವರದಿಗಾರನಾಗಿ ನಾನು ಕೊಟ್ಟ ಹೇಳಿಕೆಗಳಲ್ಲಿ ಯಾರಿಗಾದರೂ ಉಪಯೋಗವಾದದ್ದು ಬಹುಶಃ ಅದೊಂದೇ. ಅವನು ತಲೆ ಕೆರೆದುಕೊಂಡ. "ಧಣೇರ ಹೆಸರಲೆ ಅಂದ್ರ ಅಡ್ಡಿ ಇಲ್ಲ ಬಿಡ್ರಿ."

ರಾಹೇಲವ್ವ ಸೆರಗು ಬಿಗಿದು, "ಕರ್ತನೇ, ನಿನ್ನ ಹೆಸರಲೆ" ಎಂದು ಮುಷ್ಟಿ ಬಿಚ್ಚಿದರು. ನಾಲ್ಕು ಕಾಳು ಬಟ್ಟಲಿನ ಹೊರಗೆ ಬಿದ್ದವು. ಎತ್ತುಗಳು ನಡೆದವು.

ಆ ವರ್ಷದ ಬೆಳೆಯನ್ನು ಊರೇ ಬಾಯಿ ಬಿಟ್ಟು ನೋಡಿತು ಎಂದು ಬರೆಯಲು ಆಸೆ. ಹಾಗಾಗಲಿಲ್ಲ. ಪಕ್ಕದ ಸವಣೂರಿನವರ ಹೊಲದ ಹಾಗೆಯೇ ಬಂತು, ಒಬ್ಬರಿಗೆ ಸಾಲುವಷ್ಟು. ಸುಗ್ಗಿಯ ನಂತರ ದಾನಿಯೇಲಪ್ಪನವರು ಬಂದರು. ಈ ಸಲದ ಪ್ರಾರ್ಥನೆ ಚಿಕ್ಕದಾಗಿತ್ತು. ಸ್ಥಿರಾಸ್ತಿಯ ಪ್ರಸ್ತಾಪ ಅದರಲ್ಲಿರಲಿಲ್ಲ. ಹೊಸ ಅಕ್ಕಿಯ ಅನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡು ಹೋದರು. ಹೊಲದ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಇದನ್ನು ನಾನು ಬಹಳ ದಿನ ಒಂದು ಜಾಣತನದ ವಾದವೆಂದೇ ತಿಳಿದಿದ್ದೆ. ಆದರೆ ವಾದದಿಂದ ಹೊಲ ಉಳಿದೀತು. ಮಾಸ್ತರರಿಲ್ಲದ ಮನೆಯಲ್ಲಿ ಸಂಜೆ ಹೊತ್ತು ಕಳೆಯಲು ವಾದ ಸಾಲದು. ಯುದ್ಧದ ವರ್ಷಗಳಲ್ಲಿ, ಸೀಮೆಎಣ್ಣೆಯೂ ಸಿಗದ ದಿನಗಳಲ್ಲಿ, ಒಂದು ಮಳೆಯ ಮಧ್ಯಾಹ್ನ ಅವರನ್ನೇ ಕೇಳಿದೆ: "ಒಬ್ಬರ ಇರ್ತೀರಿ, ಹೆದರಿಕಿ ಬರೂದಿಲ್ಲೇನ್ರಿ?"

"ಯಾಕ ಬರೂದಿಲ್ರಿ, ಬರತೈತಿ. ಬಾಗಲದಾಗ ನಿಂತು, ಯಜಮಾನರು ಅದಾರೇನು ಅಂತ ಕೇಳತೈತಿ. ಅದಾರ, ಒಳಗ ಹೋಗಿ ಅವರ ಕೂಡ ಮಾತಾಡು, ನನಗ ರೊಟ್ಟಿ ಬಡಿಯೂದೈತಿ ಅಂತೇನಿ."

"ಒಳಗ ಹೋಗತೈತೇನ್ರಿ?"

"ಒಮ್ಮೊಮ್ಮೆ ಹೋಗೂದಿಲ್ಲ. ಅಲ್ಲೇ ಕಟ್ಟಿ ಮ್ಯಾಲ ಕುಂತು ಬಿಡತೈತಿ. ಕುಂದರ್ಲಿ ಬಿಡ್ರಿ. ರೊಟ್ಟಿ ಅಂತೂ ಆಗತಾವ."

ಮಾತು ಮುಗಿಯುವ ಹೊತ್ತಿಗೆ ಮಳೆ ನಿಂತಿತ್ತು. ಮನೆ ಸೇರಿದ ಮೇಲೆ ನೋಡಿಕೊಂಡರೆ ಕೈ ಖಾಲಿ. ಜೀವಮಾನದಲ್ಲಿ ಮೊದಲ ಸಲ ಕೊಡೆ ಮರೆತಿದ್ದೆ. ಓಡುತ್ತಲೇ ಹೋದೆ. ರಾಹೇಲವ್ವ ಅದನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಇದು ನಿಮ್ಮದೇನ್ರಿ?"

ಹೌದೆನ್ನಲು ಬಾಯಿ ತೆರೆದೆ. ಆ ಹೊಸ್ತಿಲಲ್ಲಿ ಆ ಮಾತು ಹೊರಡಲಿಲ್ಲ. "ಸದ್ಯಕ್ಕ ನನ್ನ ಕಡೆ ಐತ್ರಿ" ಎಂದೆ. ಅವರು ನಗದೆ ಕೊಟ್ಟರು.

ಆ ವಾರ ಸವಣೂರಿನ ಮೋಟಾರಿನಲ್ಲಿ ನನಗೂ ನಿದ್ದೆ ಬಂತು. ಪೂರ್ತಿ ಅಲ್ಲ; ಕೊಡೆಯ ಹಿಡಿಕೆ ಕೈಯಲ್ಲೇ ಇತ್ತು.