ಅವನೇ ಹೇಳಿದ ನಿಯಮ

ನಮ್ಮ ಕಂಪೈಲರ್‌ನಷ್ಟು ಅವಸರದ ಪ್ರಾಣಿಯನ್ನು ನಾನು ಕಂಡಿಲ್ಲ. ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವಾಗ "ಇಲ್ಲಿ ಬರುವುದು ಸಂಖ್ಯೆಯೇ" ಎಂದು ನಂಬಿ ವೇಗದ ಕೋಡ್ ಬರೆದುಬಿಡುತ್ತದೆ. ಬೇರೇನಾದರೂ ಬಂದರೆ ಓಡುತ್ತಿರುವಾಗಲೇ ಪತ್ತೆ ಹಚ್ಚಿ, ಹಳೆಯ ನಿಧಾನದ ಕೋಡಿಗೆ ಮರಳಬೇಕು. ಆ ತಪಾಸಣೆ, ಆ ಮರಳುವಿಕೆ ಎರಡನ್ನೂ ಒಂದೇ ಸೂಚನೆಯಾಗಿ ಕಂಪೈಲರಿನೊಳಗೆ ಕೂರಿಸಬೇಕಿತ್ತು. ಇಂಥದ್ದಕ್ಕೆ ಇಂಟ್ರಿನ್ಸಿಕ್ ಎನ್ನುತ್ತಾರೆ. ಅಂಕೋಲೆಯ ಮನೆಯಿಂದ ಕೆಲಸ ಮಾಡುವ ನನಗೂ ಕಾರವಾರದಲ್ಲಿದ್ದ ಗೆಳೆಯನಿಗೂ ಅದು ಒಟ್ಟಿಗೆ ಬಂತು.

ಅವನು ಇಲ್ಲೇ ಪಕ್ಕದ ಕೇಣಿಯ ಮೀನುಗಾರರ ಮನೆಯವನು. ನನ್ನ ಮೊದಲ ವಿನ್ಯಾಸದಲ್ಲಿ ತಪಾಸಣೆ ಮತ್ತು ಮರಳುವ ಆದೇಶ ಇಷ್ಟೇ ಇತ್ತು. ಅವನು ತಲೆ ಅಲ್ಲಾಡಿಸಿದ.

"ತಿರುಗಿ ಹೋಗು ಅಂತ ಹೇಳ್ತ್ಯೆ, ಹೋದಲ್ಲಿ ಬರಿಗೈ ಆದ್ರೆ ಎಂತ ಮಾಡೂದೆ ಮಾರಾಯ್ತಿ? ಆ ಹೊತ್ತಿನ ಲೆಕ್ಕ ಎಲ್ಲಾ ಕಟ್ಕಂಡೇ ಹೋಗೂಕೆ ಬೇಕು."

ಅದೇ ನಿಯಮವಾಯಿತು: ಮರಳಲು ಬೇಕಾದ ಲೆಕ್ಕ ಯಾವುದನ್ನೂ ಕಂಪೈಲರ್ ಅಳಿಸಕೂಡದು. ವೇಗ ಸ್ವಲ್ಪ ಕುಗ್ಗುತ್ತದೆ, ಉತ್ತರ ಮಾತ್ರ ತಪ್ಪುವುದಿಲ್ಲ. ಮಳೆಗಾಲವಿಡೀ ನಾನು ಅದಕ್ಕೆ ಕೋಡ್ ಬರೆದೆ.

ವಿಡಿಯೋ ಸಭೆಯಲ್ಲಿ ತಂಡದ ಮುಖ್ಯಸ್ಥರು ವೇಗ ಸಾಲದೆಂದು ಗೊಣಗಿದರು. ಈ ನಿಯಮ ಯಾರದ್ದು ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವನು ಶುದ್ಧ ಆಫೀಸು ದನಿಯಲ್ಲಿ ಹೇಳಿದ: "ಅದು ಅವರ ಹಟ ಸರ್. ನಾನು ಮೊದಲಿನಿಂದಲೂ ಬೇಡ ಅಂದಿದ್ದೆ."

ಸಭೆ ಮುಗಿಯುವುದರೊಳಗೆ ನಿಯಮ ತೆಗೆಯುವುದೆಂದಾಯಿತು, ಕೆಲಸ ಅವನೊಬ್ಬನ ಪಾಲಾಯಿತು. ಹತ್ತಿದ ಏಣಿ ಒದೆಯುವವರನ್ನು ನಾನೂ ಕಂಡಿದ್ದೇನೆ. ಆದರೆ ಹಾಗೆ ಹೇಳುವಾಗ ಅವನ ದನಿ ಒಂದಿಷ್ಟೂ ನಡುಗಲಿಲ್ಲವಲ್ಲ, ಅದನ್ನು ಮಾತ್ರ ನಾನು ಮರೆಯಲಾರೆ.

ಆ ಭಾನುವಾರ ಏನೂ ಆಗದವನಂತೆ ಬಂದ, ಕೈಯಲ್ಲಿ ಬಂಗಡೆಯ ಚೀಲ.

"ಆಯಿ ಕೊಟ್ಟಾಳೆ. ಈಗಷ್ಟೇ ಬಂದ ಮೀನು."

ಪೇಟೆಯಲ್ಲಿ ಕೊಳ್ಳುವ ಮೀನಿನ ಕಿವಿರು ಎತ್ತಿ ನೋಡುತ್ತೇವೆ, ಕೆಂಪಗಿದ್ದರೆ ತಾಜಾ. ಸ್ನೇಹದಲ್ಲಿ ತಂದುಕೊಟ್ಟ ಮೀನನ್ನು, ಅದೂ ತಂದವರ ಎದುರಿಗೇ, ನಮ್ಮಲ್ಲಿ ಯಾರೂ ಹಾಗೆ ನೋಡುವುದಿಲ್ಲ. ಅದು ಬಯ್ಗುಳಕ್ಕಿಂತ ಕಡೆ. ನಾನು ಜಗಲಿಯ ಮೇಲೆ ಚೀಲ ಸುರಿದು ಒಂದೊಂದೇ ಬಂಗಡೆಯ ಕಿವಿರು ಎತ್ತಿದೆ. ಅವನ ಮುಖ ಬಿಳುಚಿಕೊಂಡಿತು.

"ನನ್ ಮೀನೂ ನೋಡ್ತ್ಯೇನೆ?"

"ಹೌದು, ನೋಡ್ತೆ."

ಎಲ್ಲವೂ ಕೆಂಪಗಿದ್ದವು. ಮೀನಿನ ವಿಷಯದಲ್ಲಿ ಅವನು ನನಗೆ ಎಂದೂ ಸುಳ್ಳು ಹೇಳಿದವನಲ್ಲ.