ಹೊಟ್ಟೆಯಿಲ್ಲದ ನೀರು

ಮೊನ್ನೆ ರಾಮದುರ್ಗದ ನಮ್ಮ ಮನೆಯಲ್ಲಿ ಬೆಲ್ಲ ನೆನೆಹಾಕಿದ್ದ ಪಾತೇಲಿಯೊಂದು ಮೂಲೆ ಸೇರಿ ಮರೆತೇ ಹೋಗಿತ್ತು. ಮುಚ್ಚಳ ತೆಗೆದದ್ದೇ ತಡ, ಹುಳಿಯೂ ಸಿಹಿಯೂ ಕೊಳೆತದ್ದೂ ಕೂಡಿದ ವಾಸನೆ ಮುಖಕ್ಕೆ ರಾಚಿತು. ಮನೆಯವರು ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ನಾನು ಮಾತ್ರ ಮುಚ್ಚಳ ಹಿಡಿದುಕೊಂಡು ಅಲ್ಲೇ ನಿಂತೆ. ಬೈಲಹೊಂಗಲದ ಆ ಮಾಳಿಗೆ, ಆ ಬಿಳಿ ಪೈಪುಗಳು, ಕುರ್ಚಿಯಲ್ಲಿ ಕುಳಿತ ಆಯಿ...

ಆಗ ನಾನು ಬೈಲಹೊಂಗಲದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬಾಡಿಗೆಗೆ ಸಿಕ್ಕಿದ್ದು ಮಾಳಿಗೆಯ ಮೇಲಿನ ಒಂದು ಕೋಣೆ. ನೆಲಮಟ್ಟದಲ್ಲಿ ಮಾಲೀಕರ ಗೊಬ್ಬರದ ಅಂಗಡಿ, ನಡುವಿನ ಅಂತಸ್ತಿನಲ್ಲಿ ಅವರ ಸಂಸಾರ, ಮೇಲೆ ನನ್ನ ಕೋಣೆಯ ಪಕ್ಕದಲ್ಲೇ ಅವರ ತಾಯಿಯ ಕೋಣೆ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಆಕೆಯ ಮೊಣಕಾಲು ಪೂರ್ತಿ ಸೋತಿದ್ದವು. ನಡುಮನೆಯಲ್ಲಿ ಉಸಿರು ಕಟ್ಟುತ್ತದೆಂದು ಹಟ ಹಿಡಿದಾಗ ಕುರ್ಚಿ ಸಮೇತ ಹೊತ್ತು ಮೇಲೆ ತಂದಿದ್ದರಂತೆ. ಮೆಟ್ಟಿಲು ಬಲು ಕಡಿದು. ತಂದವರು ಮತ್ತೆ ಇಳಿಸಲಿಲ್ಲ. ಊಟ ಮೇಲೆ ಬರುತ್ತಿತ್ತು, ಡಾಕ್ಟರೂ ಮೇಲೆ ಬರುತ್ತಿದ್ದರು. ಆಯಿ ಮಾತ್ರ ಕೆಳಗೆ ಹೋಗುತ್ತಿರಲಿಲ್ಲ.

ಆಕೆಗೆ ಉಳಿದಿದ್ದ ಲೋಕವೆಂದರೆ ಆ ತೆರೆದ ಮಾಳಿಗೆಯೊಂದೇ. ಬೆಳಿಗ್ಗೆ ಎದ್ದರೆ ಸಂಗೊಳ್ಳಿಯ ದಿಕ್ಕಿಗೆ ಮುಖ ಮಾಡಿ ಕೂಡುತ್ತಿದ್ದಳು. ಅಲ್ಲಿ ಅವರ ಹೊಲ. ಮಾಳಿಗೆಯಿಂದ ಹೊಲವೇನೂ ಕಾಣುತ್ತಿರಲಿಲ್ಲ, ಮಂದಿಯ ನೀರಿನ ಟಾಕಿಗಳು ಕಾಣುತ್ತಿದ್ದವು ಅಷ್ಟೇ. ಆದರೂ "ಇವತ್ತ ನಮ್ಮ ಹೊಲದಾಗ ಮಳಿ ಆಗೇತಿ ನೋಡ್ರಿ ಅಕ್ಕೋರ" ಎಂದು ಗ್ಯಾರಂಟಿ ಕೊಡುತ್ತಿದ್ದಳು. ಹವಾಮಾನದವರಿಗಿಂತ ಧೈರ್ಯ ಜಾಸ್ತಿ.

ಆ ಪೈಪುಗಳು ಬಂದದ್ದು ಅಂಗಡಿಯ ದೆಸೆಯಿಂದ. ಮಣ್ಣಿಲ್ಲದೆ ಬರೀ ನೀರಿನಲ್ಲಿ ಸೊಪ್ಪು ಬೆಳೆಯುವ ಸಾಮಾನೆಂದು ಯಾರೋ ಮಾರಾಟದವನು ಮಾದರಿಗೆ ಬಿಟ್ಟುಹೋಗಿದ್ದ. ತೂತು ಕೊರೆದ ಪೈಪು, ಒಂದು ಟಾಕಿ, ನೀರು ತಿರುಗಿಸುವ ಸಣ್ಣ ಮೋಟರು, ನೀರಿಗೆ ಬೆರೆಸಲು ಉಪ್ಪಿನಂಥ ಪುಡಿಯ ಪೊಟ್ಟಣಗಳು. ಯಾರೂ ಕೊಳ್ಳಲಿಲ್ಲ. ಅವ್ವನಿಗೆ ಹೊತ್ತು ಹೋಗಲಿ ಎಂದು ಮಗ ಅದನ್ನು ಮಾಳಿಗೆಗೆ ಏರಿಸಿದ. ಮಣ್ಣಿನ ಕುಂಡ ಇಡುವ ಹಾಗಿರಲಿಲ್ಲ. ಹಿಂದೊಮ್ಮೆ ಕುಂಡ ಇಟ್ಟು ಸ್ಲ್ಯಾಬು ಸೋರಿದಾಗಿನಿಂದ, ಮಣ್ಣು ಮೇಲೆ ಬರಕೂಡದೆಂದು ಮಗ ಕಟ್ಟಪ್ಪಣೆ ಮಾಡಿದ್ದ.

"ದೀಪಾವಳಿತನಕ ನೋಡೂಣು ಅವ್ವಾ. ಬೆಳೀಲಿಲ್ಲಂದ್ರ ಇಲ್ಲಿ ತಗಡು ಹೊಡಸ್ತೇನಿ. ಅಂಗಡಿ ಮಾಲ್ ಇಡಾಕ ಜಾಗಾನ ಇಲ್ಲ" ಎಂದ.

ಮಗ ಕೆಟ್ಟವನಲ್ಲ, ಜಾಗ ನಿಜವಾಗಿಯೂ ಇರಲಿಲ್ಲ. ಆದರೆ ತಗಡು ಬಂದರೆ ಆಯಿಯ ಆಕಾಶ ಹೋಗುತ್ತದೆ. ಆಮೇಲೆ ಆಕೆಗೂ ಗೋದಾಮಿನ ಸಾಮಾನಿಗೂ ವ್ಯತ್ಯಾಸ ಉಳಿಯುವುದಿಲ್ಲ. ಇದು ಆಕೆಗೂ ಗೊತ್ತಿತ್ತು, ನನಗೂ.

ಇಷ್ಟಾದರೂ ಆಯಿ ಪೊಟ್ಟಣಗಳನ್ನು ಕೋಲಿನಿಂದ ಅತ್ತ ಸರಿಸಿದಳು. ಅಂಗಡಿಯ ರಾಸಾಯನಿಕ ಗೊಬ್ಬರಕ್ಕೆ ನಮ್ಮ ಕಡೆ ಸರಕಾರಿ ಗೊಬ್ಬರವೆಂದೇ ಹೆಸರು. "ಹೊಲಾ ನನ್ನ ಕೈಯಾಗ ಇರೂಮಟ ಒಂದು ಹಿಡಿ ಸರಕಾರಿ ಗೊಬ್ಬರ ಹಾಕಿಲ್ಲ. ಅಂಗಡಿ ನಿಂದು, ಬಾಯಿ ನಂದು" ಎಂದುಬಿಟ್ಟಳು.

ಶುರುವಾಯಿತು ನೋಡಿ ನನ್ನ ಮೂಗಿನ ಗ್ರಹಚಾರ. ಸೆಗಣಿ, ಗಂಜಳ, ಬೆಲ್ಲ, ಕಡಲೆಹಿಟ್ಟು ಕಲಸಿ ಕೊಡದಲ್ಲಿ ಕೊಳೆಹಾಕಿ, ಹಳೆಯ ಸೀರೆಯಲ್ಲಿ ಸೋಸಿ ಟಾಕಿಗೆ ಸುರಿದಳು. ನೀರು ನೊರೆಯೆದ್ದಿತು. ಎಷ್ಟು ಸೋಸಿದರೂ ಕಸ ಉಳಿದು ಮೋಟರು ಕಟ್ಟಿಕೊಂಡಿತು. ತೂತುಗಳಲ್ಲಿ ಹಾಕಿದ್ದ ಮೆಂತ್ಯದ ಬೇರಿಗೆ ಲೋಳೆ ಹತ್ತಿ ಎಲೆ ಹಳದಿಯಾದವು. ಬೇವಿನ ಹಿಂಡಿ ನೆನೆಸಿ ಹಾಕಿದರೂ ಅದೇ ಕಥೆ. ನಾನು ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದೆ, ವಾಸನೆ ಬಾಗಿಲ ಕೆಳಗಿನಿಂದ ಬಂದು ಎದುರಿಗೇ ಕೂಡುತ್ತಿತ್ತು.

ಕೊನೆಗೆ ತಡೆಯಲಾರದೆ ಪಾಠ ಮಾಡಿದೆ. ಸೆಗಣಿ ಇದ್ದ ಹಾಗೇ ಗಿಡಕ್ಕೆ ಆಹಾರವಲ್ಲ, ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜೀವಗಳು ಅದನ್ನು ತಿಂದು ಕರಗಿಸಿದ ಮೇಲೆಯೇ ಬೇರು ಹೀರುವುದು, ಇಲ್ಲಿ ಮಣ್ಣೇ ಇಲ್ಲವಲ್ಲ ಎಂದೆ.

ಆಯಿ ಟಾಕಿಯ ಕಡೆ ಕೋಲು ತೋರಿಸಿದಳು. "ಅಂದ್ರ ಮಣ್ಣಿಗೆ ಹೊಟ್ಟಿ ಐತಿ, ನೀರಿಗೆ ಹೊಟ್ಟಿ ಇಲ್ಲ. ಹೌದಿಲ್ಲೋ?"

"ಹೌದ್ರಿ" ಎಂದೆ.

"ಹಂಗಾರ ಹೊಟ್ಟಿ ನಾವ ಮಾಡಿಕೊಡೂಣು."

ಸೊಸೆ ಹೊಲಕ್ಕೆ ಹೋದಾಗ ಸೆರಗಿನಲ್ಲಿ ಕಟ್ಟಿಕೊಂಡು ಒಂದು ಬೊಗಸೆ ಮಣ್ಣು ತಂದಳು, ಗಂಡನ ಕಣ್ಣು ತಪ್ಪಿಸಿ. ತಳಕ್ಕೆ ತೂತಿದ್ದ ಮಡಿಕೆಯೊಂದರಲ್ಲಿ ಇಟ್ಟಂಗಿ ಚೂರು, ಗರಸು, ಅದರ ನಡುವೆ ಆ ಮಣ್ಣು. ಟಾಕಿಯ ನೀರು ಮೊದಲು ಅದರೊಳಗೆ ಇಳಿದು ಆಮೇಲೆ ಪೈಪಿಗೆ ಹೋಗುವ ಹಾಗೆ ಮಾಡಿಸಿದೆವು. ಗೊಬ್ಬರದ ನೀರನ್ನು ಆಯಿ ಚಮಚದಲ್ಲಿ ಕೂಸಿಗೆ ಕುಡಿಸಿದ ಹಾಗೆ ಹಾಕುತ್ತಿದ್ದಳು. ಅವಸರವಿಲ್ಲ. ಮೆಲ್ಲಗೆ ವಾಸನೆ ಹೋಯಿತು. ಶ್ರಾವಣ ಕಳೆದು ದಸರೆ ಬರುವ ಹೊತ್ತಿಗೆ ಹೊಸದಾಗಿ ಹಾಕಿದ ಮೆಂತ್ಯ ಹಸಿರಾಯಿತು... ನಿಜವಾದ ಹಸಿರು. ಆಯಿ ಒಂದು ಎಲೆ ಕಿತ್ತು ನನ್ನ ಬಾಯಿಗೆ ಇಟ್ಟಳು. ಅಷ್ಟು ಖುಷಿಯಲ್ಲಿ ಆಕೆಯನ್ನು ನಾನು ಮತ್ತೆಂದೂ ನೋಡಲಿಲ್ಲ.

ದೀಪಾವಳಿಗೆ ಮೊದಲು ಸೀಗಿ ಹುಣ್ಣಿಮೆ ಬಂತು. ಭೂಮಿತಾಯಿ ಬಸುರಿ, ಆಕೆಯ ಬಯಕೆ ತೀರಿಸಬೇಕೆಂದು ಹೊಲಕ್ಕೆ ಬಗೆಬಗೆಯ ಅಡಿಗೆ ಒಯ್ದು ಬೆಳೆಯ ಮೇಲೆ ಚರಗ ಚೆಲ್ಲುವ ಹಬ್ಬ. ಆಯಿ ತನ್ನನ್ನೂ ಕರೆದೊಯ್ಯಿರೆಂದು ಕೇಳಿದಳು. "ರಾಡ್ಯಾಗ ಕುರ್ಚಿ ಹೆಂಗ ಹೊರೂದವ್ವಾ?" ಎಂದ ಮಗ. ಅದೂ ಸುಳ್ಳಲ್ಲ. ಆಕೆಯ ಪಾಲಿನ ಬುಟ್ಟಿಯನ್ನು ಮೇಲಿಟ್ಟು ಎಲ್ಲರೂ ಟ್ರ್ಯಾಕ್ಟರ್ ಹತ್ತಿ ಹೋದರು. ಅದರ ಸದ್ದು ಕೇಳದಂತಾಗುವವರೆಗೂ ಆಯಿ ಕಿವಿಗೊಟ್ಟು ಕುಳಿತಿದ್ದಳು.

ನಾನು ಸ್ನಾನ ಮುಗಿಸಿ ಹೊರಗೆ ಬಂದಾಗ "ಹುಲ್ಲುಲ್ಲಿಗೋ..." ಎಂಬ ಚರಗದ ಕೂಗು ಕೇಳಿತು. ಕುರ್ಚಿಯನ್ನು ಪೈಪುಗಳ ಪಕ್ಕದಲ್ಲೇ ಎಳೆದುಕೊಳ್ಳುತ್ತ, ಒಂದೊಂದು ತೂತಿಗೂ ಕಡಬು, ಪುಂಡಿಪಲ್ಯ, ಮೊಸರನ್ನ ಹಾಕುತ್ತ ಬಂದಿದ್ದಳು. ಟಾಕಿಯಲ್ಲಿ ಆಗಲೇ ಹೋಳಿಗೆ ತೇಲುತ್ತಿತ್ತು. ಬುಟ್ಟಿ ಖಾಲಿ.

"ಆಯಿ, ಇದೇನ್ರಿ!" ಎಂದು ಕೂಗಿದೆ.

"ಬಸುರಿ ಅದಾಳ್ರಿ ಅಕ್ಕೋರ, ಬಯಕಿ ತೀರಸಬಾರದೇನು? ಆ ಹೊಲಕ್ಕಂತೂ ನನ್ನ ಒಯ್ಯಲಿಲ್ಲ. ಈಗ ನನ್ನ ಹೊಲಾ ಇದ."

ಸಿಕ್ಕಷ್ಟನ್ನು ಜಾಲರಿಯಲ್ಲಿ ಎತ್ತಿದೆ. ಎಣ್ಣೆ, ಬೆಲ್ಲ, ಮೊಸರು ನೀರಲ್ಲಿ ಕರಗಿದ್ದನ್ನು ಯಾವ ಜಾಲರಿ ಎತ್ತೀತು? ಮರುದಿನವೇ ನೀರು ಹುಳಿಯಿತು, ಮೇಲೆ ಬಿಳಿ ಕೆನೆ ಕಟ್ಟಿತು. ಮಡಿಕೆಯೂ ನಾರಿತು. ಬೇರು ಕಂದಾಗಿ, ಮೆಂತ್ಯವೆಲ್ಲ ಪೈಪಿನ ಮೇಲೆ ಬಿದ್ದುಕೊಂಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಯಿ ಟಾಕಿಯೊಳಗೆ ಕೈ ಅದ್ದಿಕೊಂಡು ಅತ್ತಳು. "ಹೊಟ್ಟಿ ಸಣ್ಣದಿತ್ತು. ನಾ ಭಾಳ ಉಣಿಸಿದೆ" ಎಂದಳು. ನನಗೂ ಅಳು ತಡೆಯಲಾಗಲಿಲ್ಲ.

ಮಗ ಬಂದು ನೋಡಿದ. ಬಯ್ಯಲಿಲ್ಲ. ಕೆಳಗೆ ಹೋಗಿ ಅವೇ ಪೊಟ್ಟಣಗಳನ್ನು ತಂದು ತಾಯಿಯ ತೊಡೆಯ ಮೇಲಿಟ್ಟ. "ಇದನ್ನ ಹಾಕವ್ವಾ, ಬೆಳೀತಾವ. ತಗಡು ಹೊಡಸೂದಿಲ್ಲ, ನನ್ನಾಣಿ." ಪ್ರೀತಿಯಿಂದಲೇ ಅಂದ. ಅದಕ್ಕೇ ಆಯಿಗೆ ಜಗಳ ಮಾಡಲೂ ದಾರಿ ಉಳಿಯಲಿಲ್ಲ. ಅತ್ತ ದರಿ, ಇತ್ತ ಪುಲಿ. ಬೇಡವೆಂದರೆ ತಗಡು, ಬೇಕೆಂದರೆ ಬದುಕಿಡೀ ಹಿಡಿದದ್ದನ್ನು ಬಿಡಬೇಕು. ಸಂಜೆ ನನ್ನನ್ನು ಕರೆದಳು.

"ನೀವ ಹಾಕ್ರಿ ಅಕ್ಕೋರ. ನನ್ನ ಕೈ ಬ್ಯಾಡ."

ಹಾಕಿದೆ. ಸೊಪ್ಪು ಹುಚ್ಚೆದ್ದು ಬೆಳೆಯಿತು. ವಾಸನೆಯಿಲ್ಲ, ಲೋಳೆಯಿಲ್ಲ. ಮನೆಯವರೆಲ್ಲ ತಿಂದೆವು, ಓಣಿಗೂ ಹಂಚಿದೆವು. ಆಯಿ ಒಂದು ಎಲೆ ಬಾಯಿಗೆ ಇಡಲಿಲ್ಲ. ಆಕಾಶ ಉಳಿದಿತ್ತು, ಆದರೆ ಆಕೆ ಪೈಪಿಗೆ ಬೆನ್ನು ಮಾಡಿ ಕೂಡತೊಡಗಿದಳು.

ಮರುವರ್ಷ ಸೀಗಿ ಹುಣ್ಣಿಮೆಗೆ ಮತ್ತೆ ಬುಟ್ಟಿ ಮೇಲೆ ಬಂತು. ಪೈಪು ತುಂಬ ಮೆಂತ್ಯ ದಟ್ಟವಾಗಿತ್ತು. ಈ ಸಲ ಏನು ಮಾಡುತ್ತಾಳೋ ಎಂದು ನಾನು ಬಾಗಿಲಲ್ಲೇ ಕಾವಲು ನಿಂತೆ. ಆಯಿ ಬುಟ್ಟಿಯ ಬಟ್ಟೆ ಸಹ ಸರಿಸಲಿಲ್ಲ.

"ಹೆದರಬ್ಯಾಡ್ರಿ ಅಕ್ಕೋರ" ಎಂದಳು, "ಇದಕ್ಕ ಬಯಕಿ ಇಲ್ಲ."

ಆ ಚಳಿಗಾಲದಲ್ಲೇ ಆಯಿ ಹೋದಳು. ಆಗ ಕೆಳಗಿಳಿಸಿದರು. ನನಗೆ ರಾಮದುರ್ಗಕ್ಕೆ ವರ್ಗವಾಯಿತು. ಆಮೇಲೊಮ್ಮೆ ಆ ಓಣಿಯಲ್ಲಿ ಹಾದುಹೋದಾಗ ಮಾಳಿಗೆಯ ಮೇಲೆ ಹೊಸ ತಗಡು ಬಿಸಿಲಿಗೆ ಹೊಳೆಯುತ್ತಿತ್ತು...

ಮೊನ್ನೆ ಆ ಹುಳಿತ ಬೆಲ್ಲದ ನೀರನ್ನು ಮೋರಿಗೆ ಚೆಲ್ಲಲು ಮನಸ್ಸಾಗಲಿಲ್ಲ. ಹಿತ್ತಲಿಗೆ ಒಯ್ದು ಕರಿಬೇವಿನ ಬುಡಕ್ಕೆ ಸುರಿದೆ. ಮಣ್ಣು ಗಟಗಟ ಕುಡಿಯಿತು, ಸ್ವಲ್ಪ ಹೊತ್ತಿಗೆ ವಾಸನೆಯೂ ಇಲ್ಲ. ಆಯಿಗೆ ಬೇಕಾಗಿದ್ದದ್ದು ಇಷ್ಟಗಲ ಮಣ್ಣು. ಸಿಕ್ಕಿತು, ಮಣ್ಣಿಗೆ ಇಟ್ಟ ದಿನ.