ಪೂಜೆಗೆ ಕೂತ ಡ್ರೈವ್

ನಮ್ಮದು ಮೊಳಕಾಲ್ಮೂರಿನ ನೇಯ್ಗೆಯ ಮನೆ. ಅಪ್ಪ ಸೀರೆಯ ಅಂಚು, ಬುಟ್ಟಾಗಳನ್ನು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಬರೆಯುತ್ತಿದ್ದರು. ಒಂದು ಚೌಕವೆಂದರೆ ಮಗ್ಗದ ಮೇಲೆ ಒಂದು ಎಳೆ. ಅವರು ತೀರಿಕೊಂಡ ಮೇಲೆ ಅವನ್ನೆಲ್ಲ ನಾನು ಕಂಪ್ಯೂಟರಿಗೆ ಇಳಿಸಿದೆ. ಹಾಳೆಗಳನ್ನು ಆಮೇಲೆ ಗೆದ್ದಲು ತಿಂದಿತು. ಇನ್ನೊಂದು ಕಾಪಿ ಇಟ್ಟುಕೊಳ್ಳುವ ಬುದ್ಧಿ ಮಾತ್ರ ನನಗೆ ಬರಲಿಲ್ಲ.

ಆಯುಧಪೂಜೆಗೆ ಎರಡು ದಿನವಿದ್ದಾಗ ಕಂಪ್ಯೂಟರ್ ಏಳಲಿಲ್ಲ. ಪರದೆ ಕಪ್ಪು, ಒಳಗೆ ಡಿಸ್ಕಿನ ಟಕ್ ಟಕ್ ಸದ್ದು. ಬಸ್ಸಿನಲ್ಲಿ ಅದನ್ನು ಕುಲುಕಿಸಿಕೊಂಡು ಹೋಗುವ ಧೈರ್ಯವಾಗದೆ ಬರಿಗೈಯಲ್ಲೇ ಚಳ್ಳಕೆರೆಗೆ ಹೋದೆ. ಅಲ್ಲಿ ರಿಪೇರಿ ಅಂಗಡಿ ಇಟ್ಟಿರುವವನು ನನ್ನ ಕಾಲೇಜಿನ ಗೆಳೆಯ. ಎಲ್ಲ ಕೇಳಿ ಅಂಗೈಯಗಲದ ಡ್ರೈವೊಂದನ್ನು ಕೊಟ್ಟ.

"ಲೇ, ಇದರಾಗೆ ಬೇರೆ ಸಿಸ್ಟಮ್ ಐತೆ, ಲಿನಕ್ಸು. ಹೊರಗಿಂದ ಸಿಗಿಸಿದ್ರೆ ಕಂಪ್ಯೂಟರ್ ಇದರ ಮ್ಯಾಲೇ ನಡೀತೈತೆ. ನಿನ್ನ ಡಿಸೈನೆಲ್ಲ ಇದಕ್ಕೇ ಕಾಪಿ ಮಾಡ್ಕ. ಇನ್‌ಸ್ಟಾಲ್ ಅಂತ ಕೇಳಿದ್ರೆ ಒತ್ತಬ್ಯಾಡ, ಒಳಗಿರಾದೆಲ್ಲ ಅಳಿಸಿಹೋಗ್ತೈತೆ. ನಡೀತಿರುವಾಗ ಕೀಳಲೂಬ್ಯಾಡ."

ವಾಪಸು ಬರುವ ಬಸ್ಸು ಬಿ.ಜಿ. ಕೆರೆ ದಾಟಿದರೂ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ.

ಮನೆಗೆ ಬಂದು ಸಿಗಿಸಿದಾಗ ಗುರುತಿಲ್ಲದ ಪರದೆಯೊಂದು ತೆರೆಯಿತು. ಎಲ್ಲಿ ಏನು ಒತ್ತಿಬಿಡುತ್ತೇನೋ ಎಂದು ಪ್ರತಿ ಸಾಲನ್ನೂ ಎರಡೆರಡು ಸಲ ಓದಿದೆ. ಡಿಸೈನುಗಳಿರುವ ಜಾಗ ಹುಡುಕಿ ಹುಡುಕಿ, ಪೂಜೆಯ ದಿನ ಬೆಳಿಗ್ಗೆ ಅಂತೂ ಕಾಪಿಗೆ ಹಾಕಿದೆ. ಆಮೆ ನಡಿಗೆ. ಅಷ್ಟರಲ್ಲಿ ಅವ್ವ ಬೂದುಗುಂಬಳ ತರಲು ಅಟ್ಟಿದಳು.

ವಾಪಸು ಬಂದು ನೋಡಿದರೆ ಪರದೆ ಕಲ್ಲಾಗಿ ನಿಂತಿದೆ, ಡ್ರೈವ್ ಇಲ್ಲ. ಮನೆಯೆಲ್ಲ ಹುಡುಕಿದೆ. ಮಗ್ಗದ ಮುಂದೆ ಲಾಳಿ, ಕತ್ತರಿಗಳ ಸಾಲಿನಲ್ಲಿ ಅದೂ ಕೂತಿತ್ತು, ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೊಂದು ಚೆಂಡು ಹೂ ಇಟ್ಟುಕೊಂಡು.

"ಮನೀಗೆ ಹೊಸಾದು ಬಂದೈತೆ. ಪೂಜೆಗೆ ಇಡಾದು ಬ್ಯಾಡ್ವಾ?" ಎಂದಳು ಅವ್ವ.

ನಾನು ಮೊದಲೇ ಮುಂಗೋಪಿ. "ಅಪ್ಪನ ಡಿಸೈನೆಲ್ಲ ಹಾಳು ಮಾಡಿಬಿಟ್ಟೆಯಲ್ಲವ್ವ" ಎಂದು ಕೂಗಾಡಿದೆ. ಅವ್ವನ ಮುಖ ಬಿಳಿಚಿಕೊಂಡಿತು. ಅವು ಆ ಕಂಪ್ಯೂಟರ್ ಡಬ್ಬಿಯೊಳಗಿವೆಯೆಂದು ನಾನು ಅವಳಿಗೆ ಹೇಳಿರಲೇ ಇಲ್ಲ. ಆದರೂ ಕೈ ಅಡ್ಡ ಹಿಡಿದಳು.

"ಪೂಜೆ ಆದ ಆಯುಧ ನಾಳೆ ಮರುಪೂಜೆ ಆಗೋಗಂಟ ಎತ್ತಂಗಿಲ್ಲ."

ಎತ್ತಬಹುದಿತ್ತು, ಎತ್ತಲಿಲ್ಲ. ಭಕ್ತಿಯಿಂದಲ್ಲ. ಎತ್ತಿ ಸಿಗಿಸಿದರೆ ಹೋಗಿದೆಯೋ ಉಳಿದಿದೆಯೋ ಗೊತ್ತಾಗಿಬಿಡುತ್ತಿತ್ತಲ್ಲ, ಅದಕ್ಕೇ ಹೆದರಿದೆ. ಇಡೀ ದಿನ ಅದರ ಮುಂದೆ ಸುಳಿದಾಡಿದೆ. ಹೋಳಿಗೆ ಮುಟ್ಟಲಿಲ್ಲ. ಅವ್ವನೂ ಉಣ್ಣಲಿಲ್ಲ.

ಮರುದಿನ ಆರತಿ ಆದ ತಕ್ಷಣ ಅವಳೇ ಡ್ರೈವಿನ ಕುಂಕುಮ ಒರೆಸಿ ತಂದುಕೊಟ್ಟಳು. ಸಿಗಿಸಿದೆ. ಎದ್ದಿತು. ಅರ್ಧಕ್ಕೆ ನಿಂತಿದ್ದ ಕಾಪಿಯನ್ನು ಮೊದಲಿನಿಂದ ಹಾಕಿ, ಮುಗಿಯುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಎಲ್ಲವೂ ಬಂದವು, ಒಂದೂ ಬಿಡದೆ.

"ನಿಮ್ಮಪ್ಪಂದು ಒಂದು ತೋರ್ಸು" ಎಂದಳು ಅವ್ವ, ಬೆನ್ನ ಹಿಂದೆ ನಿಂತು.

ಅವರ ನವಿಲಿನ ಅಂಚನ್ನು ತೆರೆದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಗ್ಗಿದಳು. ಆಮೇಲೆ ನವಿಲಿನ ಕೊಕ್ಕಿನ ಮೇಲೆ ಬೆರಳಿಟ್ಟಳು.

"ಇಲ್ಲೊಂದು ಎಳೆ ಬಿಡ್ತಿದ್ರು ನಿಮ್ಮಪ್ಪ. ಇದು ನಂದೇ ಅಂತ ಎಲ್ಲೇ ಕಂಡ್ರೂ ಗುರ್ತಾಗಲಿ ಅಂತ. ಎಲ್ಲಿ ಅದು?"

ಅಪ್ಪ ಖಾಲಿ ಬಿಟ್ಟಿದ್ದ ಆ ಚೌಕ ತುಂಬಿದವನು ನಾನೇ. ಕಂಪ್ಯೂಟರಿಗೆ ಇಳಿಸಿದ ಮೊದಲ ದಿನದಿಂದಲೇ, ಅಪ್ಪ ಮರೆತಿರಬೇಕು ಎಂದುಕೊಂಡು, ಪ್ರತಿ ಅಂಚಿನಲ್ಲೂ ತಿದ್ದಿದ್ದೆ. ಕೊಕ್ಕನ್ನು ದೊಡ್ಡದು ಮಾಡಿ ತೋರಿಸಿ, "ಯಾವ ಎಳೆ ಅಂತ ಹೇಳವ್ವ, ಆ ಚೌಕ ಖಾಲಿ ಮಾಡ್ತೀನಿ" ಎಂದೆ.